ಐವತ್ತರವರೆಗೆ ಹೇಳುವ ಮಗು ನಾಲ್ಕು ಚಿಪ್ಪು ಕೊಡದೇಕೆ?

ಹೊನ್ನಾವರದ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು: "ಮೂರು ವರ್ಷದ ಮಗಳು ಐವತ್ತರವರೆಗೆ ಒಂದೂ ತಪ್ಪದೆ ಹೇಳ್ತಾಳೆ. ನಾಲ್ಕು ಬೆಳಚಿನ ಚಿಪ್ಪು ಕೊಡು ಅಂದ್ರೆ ಮಾತ್ರ ಕೈತುಂಬ ಬಾಚಿ ಕೊಡ್ತಾಳೆ. ಯಾಕೆ ಹೀಗೆ?"

ಮಗಳಲ್ಲಿ ಯಾವ ಕೊರತೆಯೂ ಇಲ್ಲ. ಹೊನ್ನಾವರದಿಂದ ಭಟ್ಕಳಕ್ಕೆ ದಿನವೂ ಬಸ್ಸಿನಲ್ಲಿ ಹೋಗುವ ಮಗುವೊಂದನ್ನು ನೆನೆಸಿಕೊಳ್ಳಿ. ಕಾಸರಕೋಡು, ಮಂಕಿ, ಮುರ್ಡೇಶ್ವರ, ಶಿರಾಲಿ, ಭಟ್ಕಳ ಎಂದು ಕಂಡಕ್ಟರ್ ಕೂಗುವುದನ್ನು ಕೇಳಿ ಕೇಳಿ ಅದಕ್ಕೆ ಸಾಲು ಬಾಯಿಪಾಠವಾಗಿದೆ. ಆದರೆ ಮಂಕಿ ಎಂದರೆ ಯಾವ ಊರು, ಶಿರಾಲಿ ಎಷ್ಟು ದೂರ ಎಂಬುದು ತಿಳಿಯದು. ಮುರ್ಡೇಶ್ವರ ಆದಮೇಲೆ ಯಾವುದು ಎಂದು ಥಟ್ಟನೆ ಕೇಳಿದರೆ ಮತ್ತೆ ಕಾಸರಕೋಡಿನಿಂದಲೇ ಹೊರಡಬೇಕು. ಚಿಕ್ಕ ಮಕ್ಕಳ 'ಒಂದು, ಎರಡು, ಮೂರು' ಮೊದಮೊದಲು ಇಂಥದೇ ಹೆಸರಿನ ಸಾಲು. ಆರು ಆದಮೇಲೆ ಎಷ್ಟು ಎಂದರೆ ಒಂದರಿಂದ ಹೇಳಿಕೊಂಡು ಬರುತ್ತಾರೆ.

ಮನಶ್ಶಾಸ್ತ್ರಜ್ಞೆ ಕ್ಯಾರನ್ ವಿನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪರೀಕ್ಷೆಯೂ ಈ ತಾಯಿ ಮಾಡಿದ್ದೇ: ರಾಶಿಯಿಂದ ಇಷ್ಟು ಕೊಡು ಎಂದು ಕೇಳುವುದು. ಮಗುವಿಗೆ ಮೊದಲು 'ಒಂದು' ಮಾತ್ರ ಅರ್ಥವಾಗುತ್ತದೆ. ಬೇರೆ ಏನು ಕೇಳಿದರೂ ಒಂದು ಹಿಡಿ. ತಿಂಗಳುಗಳು ಕಳೆದಮೇಲೆ 'ಎರಡು', ಆಮೇಲೆ 'ಮೂರು'. ಸುಮಾರು ಮೂರೂವರೆ ವರ್ಷದ ಹೊತ್ತಿಗೆ ಒಂದು ಜಿಗಿತ: ಎಣಿಸುವಾಗ ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂದು ಹೊಳೆಯುತ್ತದೆ. ಆಮೇಲೆ ಐದು, ಆರು, ಏಳು ಒಂದೊಂದಾಗಿ ಕಲಿಯಬೇಕಾಗಿಲ್ಲ. ಮಕ್ಕಳ ಕಲಿಕೆಯಲ್ಲಿ ಇಷ್ಟು ಚೆಂದದ ಗಳಿಗೆ ಇನ್ನೊಂದನ್ನು ನಾನು ಕಾಣೆ.

ನೂರರವರೆಗೆ ಹೇಳಿಸುವ ಮೊಬೈಲ್ ಆ್ಯಪ್ ಆ ಸಾಲನ್ನು ಉದ್ದ ಮಾಡುತ್ತದೆ, ಅಷ್ಟೇ. ಬೇಕಾದದ್ದು ಅಡುಗೆಮನೆಯಲ್ಲೇ ಇದೆ. ಮೀನು ತೊಳೆಯುವಾಗ ಒಂದೊಂದನ್ನೇ ಮುಟ್ಟಿ "ಒಂದು, ಎರಡು, ಮೂರು" ಎನ್ನಿ. ಅಲ್ಲಿಗೆ ನಿಲ್ಲಿಸದೆ "ಮೂರು ಬಂಗುಡೆ" ಎಂದು ಒಟ್ಟನ್ನೂ ಹೇಳಿ. ಕನ್ನಡದ ಮಗುವಿಗೆ ಇನ್ನೊಂದು ಹೊರೆಯೂ ಇದೆ: ಬಂಗುಡೆಯಾದರೆ ಮೂರು, ಮಕ್ಕಳಾದರೆ ಮೂವರು. ಎರಡೂ ಒಂದೇ ಎಂಬುದು ಕೇಳಿಯೇ ತಿಳಿಯಬೇಕು.

ಭಟ್ಕಳದ ನವಾಯತಿ ಮನೆಗಳಲ್ಲಿ, ಕುಮಟೆಯ ಕೊಂಕಣಿ ಮನೆಗಳಲ್ಲಿ ಯಾವ ಭಾಷೆಯಲ್ಲಿ ಎಣಿಸಬೇಕು? ಮನೆಯ ಭಾಷೆಯಲ್ಲೇ. ಸಂಖ್ಯೆಯ ಪದ ಕಟ್ಟುವ ಬಗೆ ಭಾಷೆಗೊಂದು: ಕೊಂಕಣಿಯ 'ಏಕುಣೀಸ' ಎಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ಕನ್ನಡದ ಇಪ್ಪತ್ತೊಂದರಲ್ಲಿ ಇಪ್ಪತ್ತೂ ಒಂದೂ ಕಿವಿಗೇ ಕೇಳುತ್ತವೆ. ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಯಬೇಕು. ಆದರೆ 'ಕೊನೆಯ ಪದವೇ ಒಟ್ಟು' ಎಂಬ ಅರಿವು ಒಂದರಲ್ಲಿ ಬಂದರೆ ಇನ್ನೊಂದಕ್ಕೂ ದಾಟುತ್ತದೆ.

ಅಟ್ಟದ ಮೇಲೆ ಚೆನ್ನೆಮಣೆ ಇದ್ದರೆ ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಬೀಜ. ಆಡುವಾಗ ಒಂದೊಂದು ಗುಳಿಗೆ ಒಂದೊಂದೇ ಬೀಜ. ಎಣಿಕೆಗೆ ಬೇಕಾದ ಶಿಸ್ತು ಬೆರಳಿಗೇ ಬರುತ್ತದೆ. ಅಮೆರಿಕದ ಸಂಶೋಧಕರಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ತೋರಿಸಿದ್ದು ಬೇರೆ ಆಟ: ಒಂದರಿಂದ ಹತ್ತು ಬರೆದ ನೇರ ಸಾಲಿನ ಮನೆಗಳು. ಎರಡು ವಾರದಲ್ಲಿ ನಾಲ್ಕು ಸಲ ಆಡಿದ ಬಡ ಮನೆಯ ಮಕ್ಕಳ ಸಂಖ್ಯಾಜ್ಞಾನ ಹೆಚ್ಚಿತು. ಸಂಖ್ಯೆಯ ಬದಲು ಬಣ್ಣದ ಮನೆಗಳಲ್ಲಿ ಆಡಿದವರದು ಹೆಚ್ಚಲಿಲ್ಲ. ಮುಂದೆ ದುಂಡನೆಯ ಹಲಗೆಯನ್ನೂ ಪರೀಕ್ಷಿಸಿದರು. ನೇರ ಸಾಲೇ ಮೇಲಾಯಿತು. ಆದ್ದರಿಂದ ಚೆನ್ನೆಮಣೆಯ ಜೊತೆಗೆ ಅಂಗಳದಲ್ಲಿ ಹತ್ತು ಮನೆ ನೇರವಾಗಿ ಗೀಚಿ, ಸಂಖ್ಯೆ ಬರೆಯಿರಿ. ಮೂರರಲ್ಲಿ ನಿಂತ ಮಗುವಿಗೆ ದಾಳದಲ್ಲಿ ಎರಡು ಬಿದ್ದರೆ "ಒಂದು, ಎರಡು" ಎನ್ನಿಸದೆ "ನಾಲ್ಕು, ಐದು" ಎನ್ನಿಸಿ.