ಬಿಡುವಿನ ಗಣಕಯಂತ್ರ: ವಿಜ್ಞಾನಕ್ಕೊಂದು ಶ್ರಮದಾನ

ನನಗೆ ಅಕ್ಷರ ಕಲಿಸಿದ ಕನ್ನಡ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿದೆ. ಸ್ಮರಣ ಸಂಚಿಕೆಗೆ ವಿದ್ಯಾರ್ಥಿಗಳಿಗೆ ಉಪಯುಕ್ತವಾಗುವ ವಿಜ್ಞಾನ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಶಾಲೆಯ ಗಣಕಯಂತ್ರ ಕೊಠಡಿಯೇ ನನ್ನ ಕಣ್ಣ ಮುಂದೆ ಬಂದಿತು. ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಬಂದ ಆ ಯಂತ್ರಗಳು ದಿನಕ್ಕೆ ಎರಡು ಮೂರು ತಾಸು ದುಡಿದು ಉಳಿದ ವೇಳೆ ಸುಮ್ಮನಿರುತ್ತವೆ. ನಮ್ಮ ಮನೆಗಳ ಯಂತ್ರಗಳ ಸ್ಥಿತಿಯೂ ಇದೇ. ಈ ಬಿಡುವಿನ ಶಕ್ತಿಯನ್ನು ವಿಜ್ಞಾನ ಸಂಶೋಧನೆಗೆ ದಾನವಾಗಿ ಕೊಡಬಹುದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇದು ನಡೆಯುವ ಬಗೆಯನ್ನು ಇಚಲಕರಂಜಿಯ ಮಗ್ಗಗಳನ್ನು ಕಂಡವರು ಸುಲಭವಾಗಿ ಗ್ರಹಿಸಬಲ್ಲರು. ಅಲ್ಲಿ ವ್ಯಾಪಾರಿಯು ನೂಲನ್ನು ಹಲವು ಮಗ್ಗದ ಮನೆಗಳಿಗೆ ಹಂಚುತ್ತಾನೆ. ಅವರು ಮಜೂರಿಗೆ ನೇಯ್ದು ಬಟ್ಟೆಯನ್ನು ಹಿಂದಿರುಗಿಸುತ್ತಾರೆ. ಹಾಗೆಯೇ ವಿಜ್ಞಾನಿಗಳು ತಮ್ಮ ಬೃಹತ್ ಲೆಕ್ಕವನ್ನು ಸಾವಿರಾರು ಸಣ್ಣ ತುಂಡುಗಳಾಗಿ ಮಾಡಿ, ಅಂತರಜಾಲದ ಮೂಲಕ ಮನೆಮನೆಯ ಯಂತ್ರಗಳಿಗೆ ಕಳುಹಿಸುತ್ತಾರೆ. ಯಂತ್ರವು ಬಿಡುವಿದ್ದಾಗ ತನ್ನ ಪಾಲಿನ ಲೆಕ್ಕವನ್ನು ಮಾಡಿ ಉತ್ತರವನ್ನು ಹಿಂದಿರುಗಿಸಿ, ಮತ್ತೊಂದು ತುಂಡನ್ನು ತರಿಸಿಕೊಳ್ಳುತ್ತದೆ. ನಾವು ಕೆಲಸಕ್ಕೆ ಕುಳಿತರೆ ಅದು ಹಿಂದೆ ಸರಿಯುತ್ತದೆ. ಆಗಾಗ ಲೆಕ್ಕವನ್ನು ಉಳಿಸಿಡುವುದರಿಂದ ವಿದ್ಯುತ್ ಹೋದರೂ ಮಾಡಿದ್ದೆಲ್ಲ ಹಾಳಾಗುವುದಿಲ್ಲ. ಇಲ್ಲಿ ಮಜೂರಿ ಮಾತ್ರ ಇಲ್ಲ.

ಈ ಪದ್ಧತಿಗೆ ಲೋಕಪ್ರಸಿದ್ಧಿಯನ್ನು ತಂದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು 1999ರ ಮೇ 17ರಂದು ಆರಂಭಿಸಿದ 'ಸೆಟಿ ಅಟ್ ಹೋಮ್' ಯೋಜನೆ. ಪೋರ್ಟೊ ರಿಕೋದ ಅರೆಸಿಬೋದಲ್ಲಿ 305 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕವೊಂದಿತ್ತು. ಅದು ಸಂಗ್ರಹಿಸಿದ ಆಕಾಶದ ಸದ್ದುಗಳಲ್ಲಿ ಅನ್ಯಲೋಕದ ಬುದ್ಧಿಜೀವಿಗಳ ಸಂಕೇತವೇನಾದರೂ ಇದೆಯೇ ಎಂದು ಹುಡುಕುವುದು ಯೋಜನೆಯ ಉದ್ದೇಶ. ಒಂದೊಂದು ತುಂಡಿನಲ್ಲಿ 107 ಸೆಕೆಂಡುಗಳ ಧ್ವನಿಮುದ್ರಣ ಇರುತ್ತಿತ್ತು. ಕಾಲಕ್ರಮದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನರು ಇದರಲ್ಲಿ ಭಾಗಿಗಳಾದರು. 2020ರ ಮಾರ್ಚ್ 31ರಂದು ತುಂಡುಗಳ ವಿತರಣೆ ನಿಂತಿತು. ಅನ್ಯಲೋಕದ ಕರೆ ಕೇಳಿಬರಲಿಲ್ಲ. ಆದರೆ ಜನಸಾಮಾನ್ಯರ ಯಂತ್ರಗಳು ಒಟ್ಟುಗೂಡಿ ಮಹಾಗಣಕದ ಕೆಲಸ ಮಾಡಬಲ್ಲವೆಂಬುದು ಸಿದ್ಧವಾಯಿತು. ಅದೇ ಬರ್ಕ್ಲಿಯಲ್ಲಿ ರೂಪುಗೊಂಡ 'ಬಾಯಿಂಕ್' ಎಂಬ ಉಚಿತ ತಂತ್ರಾಂಶದ ಮೂಲಕ ಇಂದು ಹಲವು ಯೋಜನೆಗಳು ನಡೆಯುತ್ತಿವೆ.

ಅಂಥವುಗಳಲ್ಲಿ 2005ರಲ್ಲಿ ಆರಂಭವಾದ 'ಐನ್‌ಸ್ಟೈನ್ ಅಟ್ ಹೋಮ್' ಒಂದು. ಉತ್ತರವು ತಪ್ಪಾಗಬಾರದೆಂದು ಒಂದೇ ತುಂಡನ್ನು ಬೇರೆ ಬೇರೆಯವರ ಎರಡು ಯಂತ್ರಗಳಿಗೆ ಕೊಟ್ಟು ತಾಳೆ ನೋಡುವುದು ಇಲ್ಲಿಯ ರೂಢಿ. 2010ರಲ್ಲಿ ಅಮೆರಿಕದ ಅಯೋವಾದ ದಂಪತಿಗಳ ಯಂತ್ರವೂ ಜರ್ಮನಿಯ ಮೈನ್ಸ್ ನಗರದ ಒಬ್ಬರ ಯಂತ್ರವೂ ಒಂದೇ ಉತ್ತರವನ್ನು ಕೊಟ್ಟವು. ಪರಿಶೀಲಿಸಿದಾಗ ಅದು ಸೆಕೆಂಡಿಗೆ ಸುಮಾರು 41 ಸಲ ತಿರುಗುವ, ಅದುವರೆಗೆ ಯಾರೂ ಕಂಡಿರದ ಪಲ್ಸಾರ್ ನಕ್ಷತ್ರವೆಂದು ತಿಳಿಯಿತು. ದೂರದರ್ಶಕವನ್ನು ಮುಟ್ಟದವರ ಮನೆಯಲ್ಲಿ ನಕ್ಷತ್ರ ಸಿಕ್ಕಿತ್ತು!

ನಾನು ಈ ಸೇವೆಗೆ ತೊಡಗಿದ್ದು ನಕ್ಷತ್ರಕ್ಕಾಗಿ ಅಲ್ಲ. ನನ್ನ ತಾಯಿಯವರು ಗಡಹಿಂಗ್ಲಜದ ಮನೆಯಲ್ಲಿ ಕೊನೆಯ ಮೂರು ವರ್ಷ ಮರೆವಿನ ರೋಗದಿಂದ ನರಳಿದರು. ಕಡೆಗೆ ನನ್ನನ್ನೇ "ನೀವು ಯಾರ ಪೈಕಿಯವರು?" ಎಂದು ಕೇಳಿದರು. ಅದು ಅಲ್ಜೈಮರ್ಸ್ ಎಂದು ಕೊಲ್ಹಾಪುರದ ವೈದ್ಯರು ಹೇಳಿದ ಮೇಲೆ ಅದರ ಕುರಿತು ಓದತೊಡಗಿದೆನು. ನಮ್ಮ ದೇಹದ ಪ್ರೋಟೀನುಗಳು ಉದ್ದನೆಯ ಸರಗಳು. ಅವು ಸರಿಯಾದ ಆಕಾರದಲ್ಲಿ ಮಡಿಚಿಕೊಂಡರೆ ಮಾತ್ರ ತಮ್ಮ ಕೆಲಸ ಮಾಡುತ್ತವೆ. ಇಂಥ ರೋಗಗಳಲ್ಲಿ ಕೆಲವು ಪ್ರೋಟೀನುಗಳು ತಪ್ಪಾಗಿ ಮಡಿಚಿಕೊಂಡು ಮಿದುಳಿನಲ್ಲಿ ಗಂಟುಗಟ್ಟುತ್ತವೆ. ಆ ಮಡಿಚುವಿಕೆಯ ಕ್ಷಣಕ್ಷಣದ ಚಲನೆಯನ್ನು ಲೆಕ್ಕಹಾಕಲೆಂದೇ 2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 'ಫೋಲ್ಡಿಂಗ್ ಅಟ್ ಹೋಮ್' ಹುಟ್ಟಿತ್ತು. ಇದಕ್ಕೆ ತನ್ನದೇ ಆದ ತಂತ್ರಾಂಶವಿದೆ. ತಾಯಿಯವರು ತೀರಿಕೊಂಡ ಬಳಿಕ ನಾನು ಅದನ್ನು ಅಳವಡಿಸಿಕೊಂಡೆನು. 2020ರಲ್ಲಿ ಕೊರೋನಾ ಹರಡಿದಾಗ ಅದೇ ಯೋಜನೆಗೆ ಜಗತ್ತಿನ ಜನರು ಮುಗಿಬಿದ್ದರು. ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ಲೆಕ್ಕ ಮಾಡುವ ಮಟ್ಟವನ್ನು ಮೊದಲು ದಾಟಿದ್ದು ಹೀಗೆ ಕೂಡಿದ ಮನೆಯ ಯಂತ್ರಗಳೇ. ನನ್ನ ಯಂತ್ರದ ಲೆಕ್ಕದಿಂದ ಮರೆವಿನ ರೋಗಕ್ಕೆ ಮದ್ದು ಸಿಕ್ಕಿತೇ ಎಂದರೆ, ಇಲ್ಲ. ಆದರೆ ಏನೂ ಮಾಡಲಾಗದೆ ಕುಳಿತ ಆ ಮೂರು ವರ್ಷಗಳ ಭಾರವು ಸ್ವಲ್ಪ ಹಗುರವಾಯಿತು.

ಈ ದಾನಕ್ಕೂ ಖರ್ಚಿದೆ ಎಂಬುದನ್ನು ಮುಚ್ಚಿಡಲಾರೆ. ಲೆಕ್ಕ ಮಾಡುವಾಗ ನನ್ನ ಯಂತ್ರವು ಸುಮಾರು 60 ವ್ಯಾಟ್ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ. ದಿನಕ್ಕೆ ಎಂಟು ತಾಸಿನಂತೆ ತಿಂಗಳಿಗೆ ಹದಿನಾಲ್ಕೂವರೆ ಯೂನಿಟ್ ಆಗುತ್ತದೆ. ಆದ್ದರಿಂದ ಯಂತ್ರವನ್ನು ಇದಕ್ಕಾಗಿಯೇ ರಾತ್ರಿಯಿಡೀ ಹಚ್ಚಿಡುವುದಕ್ಕಿಂತ, ಹೇಗೂ ಹಚ್ಚಿರುವ ವೇಳೆಯಲ್ಲಿ ಅರ್ಧ ಶಕ್ತಿಯನ್ನು ಮಾತ್ರ ಕೊಡುವುದು ಲೇಸು. ತಂತ್ರಾಂಶದಲ್ಲಿ ಹಾಗೆ ಮಿತಿಯನ್ನು ಗೊತ್ತುಪಡಿಸಬಹುದು. ಬೇಸಿಗೆಯಲ್ಲಿ ಯಂತ್ರ ಕಾಯುತ್ತದೆ. ಪಂಖದ ಧೂಳನ್ನು ತೆಗೆಯುತ್ತಿರಬೇಕು. ಅಪರಿಚಿತರು ಕಳುಹಿಸಿದ ತಂತ್ರಾಂಶವನ್ನು ಎಂದೂ ಹಾಕಿಕೊಳ್ಳಬಾರದು. ಪರರ ಯಂತ್ರದಲ್ಲಿ ಕಳ್ಳತನದಿಂದ ನಾಣ್ಯ ಗಳಿಸುವವರೂ ಇದ್ದಾರೆ.

ಎಲ್ಲಕ್ಕೂ ಮಿಗಿಲಾಗಿ, ಯಂತ್ರದ ಒಡೆಯರ ಒಪ್ಪಿಗೆ ಬೇಕು. ಉತ್ಸಾಹದ ಭರದಲ್ಲಿ ನಾನೊಮ್ಮೆ ದುಡಿಯುತ್ತಿದ್ದ ಕಚೇರಿಯ ಯಂತ್ರದಲ್ಲಿ ಯಾರನ್ನೂ ಕೇಳದೆ ಇದನ್ನು ಅಳವಡಿಸಿದ್ದೆನು. ಮೇಲಧಿಕಾರಿಗಳು ಕರೆದು, "ದಾನ ಮಾಡುವುದಾದರೆ ನಿಮ್ಮದನ್ನು ಮಾಡಿರಿ" ಎಂದರು. ಅವರ ಮಾತು ನ್ಯಾಯವಾಗಿತ್ತು, ನಾಚಿಕೆಯಿಂದ ತೆಗೆದುಹಾಕಿದೆನು. ಆದ್ದರಿಂದ ಶಾಲೆಯ ಯಂತ್ರಗಳ ವಿಷಯದಲ್ಲಿ ಮುಖ್ಯಾಧ್ಯಾಪಕರೂ ಆಡಳಿತ ಮಂಡಳಿಯವರೂ ಸಮಾಲೋಚಿಸಿ ನಿರ್ಧರಿಸಲಿ. ಒಂದೇ ಯಂತ್ರದಿಂದ, ಒಂದೇ ಯೋಜನೆಯಿಂದ ಆರಂಭಿಸಿದರೂ ಸಾಕು. ಅದು ಯಾವ ಲೆಕ್ಕ ಮಾಡುತ್ತಿದೆ ಎಂಬುದನ್ನು ವಾರಕ್ಕೊಬ್ಬ ವಿದ್ಯಾರ್ಥಿಯು ಕನ್ನಡದಲ್ಲಿ ಬರೆದು ಫಲಕಕ್ಕೆ ಹಚ್ಚಿದರೆ, ವಿದ್ಯುತ್ತಿನ ಖರ್ಚಿಗಿಂತ ಹೆಚ್ಚಿನ ವಿದ್ಯೆ ಕೈಸೇರುವುದು.

ನಮ್ಮ ರೈತರಲ್ಲಿ ಮುಯ್ಯಾಳಿನ ಪದ್ಧತಿ ಇದೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಈ ಸೇವೆಯೂ ಅಂಥದೇ. ಆದರೆ ಇದರ ಮುಯ್ಯಿ ತಿರುಗಿ ಬರುವುದು ನಮಗಲ್ಲ, ನಾವು ಕಾಣದ ಯಾರದೋ ಮನೆಗೆ. ಐವತ್ತು ವರ್ಷಗಳ ಹಿಂದೆ ಈ ಗಡಿಭಾಗದಲ್ಲಿ ಕನ್ನಡ ಶಾಲೆಯನ್ನು ಕಟ್ಟಿದ ಹಿರಿಯರೂ ತಾವು ಕಾಣದ ಮಕ್ಕಳಿಗಾಗಿಯೇ ದುಡಿದರು.