ಕಡಲು ಉಕ್ಕಿ ಬಂದಾಗ: ಮನೆ-ಊರುಗಳ ಪೂರ್ವಸಿದ್ಧತೆ

ಒಬ್ಬ ವ್ಯಕ್ತಿಗೆ ಬರುವ ರೋಗ ಬೇರೆ; ಇಡೀ ಜನಪದವನ್ನೇ ಬಾಧಿಸುವ ವಿಪತ್ತು ಬೇರೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಎರಡನೆಯದನ್ನು ‘ಜನಪದೋದ್ಧ್ವಂಸ’ವೆಂದು ಕರೆಯುತ್ತದೆ. ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಕೆಟ್ಟಾಗ ಭಿನ್ನಭಿನ್ನ ಪ್ರಕೃತಿಯ ಜನರೂ ಏಕಕಾಲಕ್ಕೆ ಪೀಡಿತರಾಗುವರೆಂಬುದು ಅದರ ಸಾರ. ಸುನಾಮಿಯು ಕೆಲವೇ ನಿಮಿಷಗಳಲ್ಲಿ ಜಲವನ್ನೂ ದೇಶವನ್ನೂ ಕೆಡಿಸಿಬಿಡುವ ವಿಪತ್ತು. ಅಲ್ಲಿ ಔಷಧಿ ಅನಂತರದ ಮಾತು; ಪ್ರಾಣ ಉಳಿಯುವುದು ಪೂರ್ವಸಿದ್ಧತೆಯಿಂದ.

ಶ್ರೀಮಠದ ಸದ್ಭಕ್ತರಲ್ಲಿ ಬಯಲುಸೀಮೆಯವರೇ ಹೆಚ್ಚು. ‘ಕಡಲಿಲ್ಲದ ನಮಗೇಕೆ ಈ ವಿಷಯ?’ ಎಂದು ಕೇಳಬಹುದು. ಆದರೆ ಗೋಕರ್ಣ, ಮುರುಡೇಶ್ವರ, ರಾಮೇಶ್ವರ, ಕನ್ಯಾಕುಮಾರಿಗಳ ಯಾತ್ರೆ ಮಾಡದ ಮನೆ ಅಪರೂಪ. ಮಂಗಳೂರು, ಕಾರವಾರ, ಮುಂಬಯಿ, ಚೆನ್ನೈಗಳಲ್ಲಿ ಮಕ್ಕಳು ನೌಕರಿಯಲ್ಲಿರುವ ಮನೆಗಳೂ ಅನೇಕ. ಕಡಲನ್ನು ಅರಿಯದವರು ಅದರ ದಂಡೆಯಲ್ಲಿ ಹೆಚ್ಚು ಜಾಗರೂಕರಾಗಿರಬೇಕು. 2004ರ ಡಿಸೆಂಬರ್ 26ರಂದು ವೇಳಾಂಕಣ್ಣಿಯಲ್ಲಿ ಮಡಿದವರಲ್ಲಿ ದೂರದ ಊರುಗಳಿಂದ ಬಂದ ಯಾತ್ರಿಕರು ಬಹಳ ಮಂದಿ ಇದ್ದರು.

ಅಂದು ಬೆಳಿಗ್ಗೆ 6.29ಕ್ಕೆ ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬಳಿ 9.1 ತೀವ್ರತೆಯ ಭೂಕಂಪವಾಗಿ ಕಡಲತಳ ಮೇಲೆದ್ದಿತು. ಅದರಿಂದ ಹುಟ್ಟಿದ ಅಲೆಗಳು ಆಳದ ನೀರಿನಲ್ಲಿ ವಿಮಾನದ ವೇಗದಲ್ಲಿ ಸಾಗಿ, ದಂಡೆ ಸಮೀಪಿಸಿದಂತೆ ವೇಗ ತಗ್ಗಿ ಎತ್ತರಕ್ಕೇರಿದವು. ತಮಿಳುನಾಡಿನ ಕರಾವಳಿಯನ್ನು ತಲುಪಲು ಅವಕ್ಕೆ ಸುಮಾರು ಎರಡು ಗಂಟೆ ಹಿಡಿಯಿತು. ಎರಡು ಗಂಟೆ ಕಾಲವಿತ್ತು, ಹೇಳುವವರಿರಲಿಲ್ಲ. ಭಾರತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು, ಒಟ್ಟಾರೆ ಸುಮಾರು 2 ಲಕ್ಷ 30 ಸಾವಿರ ಜನ ಅಸುನೀಗಿದರು.

ಅದೇ ದಿನ ಭೂಕಂಪದ ಕೇಂದ್ರಕ್ಕೆ ತೀರ ಸಮೀಪದ ಸಿಮೆಲೂ ದ್ವೀಪದಲ್ಲಿ ಸುಮಾರು 78 ಸಾವಿರ ಜನರ ಪೈಕಿ ತೀರಿಕೊಂಡವರು ಕೇವಲ ಏಳು ಮಂದಿ. ಅಲ್ಲಿ 1907ರಲ್ಲಿಯೂ ಸುನಾಮಿ ಬಂದಿತ್ತು. ‘ನೆಲ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡ ಹತ್ತಿರಿ’ ಎಂಬ ಮಾತನ್ನು ಅಜ್ಜ-ಅಜ್ಜಿಯರು ‘ಸ್ಮೊಂಗ್’ ಎಂಬ ಹೆಸರಿನಲ್ಲಿ ಕತೆಗಳ ಮೂಲಕ ಮೊಮ್ಮಕ್ಕಳಿಗೆ ದಾಟಿಸಿದ್ದರು.

ಧೀ, ಧೃತಿ, ಸ್ಮೃತಿಗಳು ಭ್ರಷ್ಟವಾಗಿ ನಡೆಯುವ ಕರ್ಮವನ್ನು ಚರಕಾಚಾರ್ಯರು ‘ಪ್ರಜ್ಞಾಪರಾಧ’ವೆಂದರು. ಈ ಮೂರೇ ಸುನಾಮಿಯಲ್ಲಿಯೂ ನಮ್ಮನ್ನು ಕಾಯುವಂಥವು.

ಧೀ: ಲಕ್ಷಣಗಳ ಅರಿವು

ನಿಲ್ಲಲಾಗದಷ್ಟು ಬಲವಾದ ಅಥವಾ ದೀರ್ಘಕಾಲದ ಭೂಕಂಪ, ಕಡಲು ಥಟ್ಟನೆ ಹಿಂದೆ ಸರಿದು ತಳ ಕಾಣುವುದು, ಕಡಲಿನಿಂದ ಭಾರಿ ಮೊರೆತ ಕೇಳುವುದು: ಇವುಗಳಲ್ಲಿ ಒಂದು ಕಂಡರೂ ಸಾಕು, ಹೊರಟುಬಿಡಬೇಕು. ಪ್ರತಿ ಸಲವೂ ನೀರು ಮೊದಲು ಹಿಂದೆ ಸರಿಯಲೇಬೇಕೆಂಬ ನಿಯಮವಿಲ್ಲ.

ನಮ್ಮ ಪಶ್ಚಿಮ ಕರಾವಳಿಗೆ ಅಪಾಯವಿರುವುದು ಅರಬ್ಬಿ ಸಮುದ್ರದ ಉತ್ತರದ ಮಕ್ರಾನ್ ತೀರದ ಕಡೆಯಿಂದ. 1945ರ ನವೆಂಬರಿನಲ್ಲಿ ಅಲ್ಲಿ ಹುಟ್ಟಿದ ಸುನಾಮಿ ಮುಂಬಯಿಯಲ್ಲಿಯೂ ಪ್ರಾಣಹಾನಿ ಮಾಡಿತ್ತು. ಅಷ್ಟು ದೂರದ ಕಂಪನ ನಮ್ಮ ಅನುಭವಕ್ಕೆ ಬಾರದಿರಬಹುದು. ಆದ್ದರಿಂದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿ 2007ರಿಂದ ಹಗಲಿರುಳು ಕಾರ್ಯನಿರತವಾಗಿರುವ ಸುನಾಮಿ ಎಚ್ಚರಿಕೆ ಕೇಂದ್ರದ ಸೂಚನೆಗಳಿಗೆ ಕಿವಿಗೊಡಬೇಕು.

ಧೃತಿ: ಮನಸ್ಸಿನ ಹಿಡಿತ

ತಳ ಕಂಡ ಕಡಲಿನತ್ತ ಮೀನು ಹೆಕ್ಕಲು, ಚಿತ್ರ ತೆಗೆಯಲು ಓಡುವುದು, ಒಡವೆ ತರಲು ಮನೆಗೆ ಮರಳುವುದು ಜೀವಕ್ಕೆ ಎರವಾಗುತ್ತವೆ. ಕಾಲ್ನಡಿಗೆಯಲ್ಲಿ ಎತ್ತರದ ಸ್ಥಳಕ್ಕೆ ಅಥವಾ ದಂಡೆಯಿಂದ ಮೂರು ಕಿಲೋಮೀಟರಿನಷ್ಟು ಒಳನಾಡಿಗೆ ಹೋಗಬೇಕು. ಅದು ಸಾಧ್ಯವಾಗದಿದ್ದರೆ ಗಟ್ಟಿಮುಟ್ಟಾದ ಕಾಂಕ್ರೀಟ್ ಕಟ್ಟಡದ ಮೂರನೆಯ ಮಹಡಿ ಅಥವಾ ಅದಕ್ಕಿಂತ ಮೇಲೆ ಹತ್ತಬೇಕು. ಆಳಕಡಲಿನಲ್ಲಿರುವ ದೋಣಿಗಳು ಬಂದರಿಗೆ ಮರಳಬಾರದು. ಮೊದಲ ಅಲೆಯೇ ದೊಡ್ಡದಾಗಿರಬೇಕೆಂದಿಲ್ಲ. ಅಲೆಗಳು ಹಲವು ಗಂಟೆಗಳ ಕಾಲ ಬರಬಲ್ಲವು. ಅಧಿಕೃತ ಸೂಚನೆ ಬರುವವರೆಗೆ ಕೆಳಗಿಳಿಯಬಾರದು.

ಸ್ಮೃತಿ: ಊರಿನ ನೆನಪು

ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಗ್ರಾಮಗಳು 2020ರಲ್ಲಿ ಯುನೆಸ್ಕೊದಿಂದ ‘ಸುನಾಮಿ ಸನ್ನದ್ಧ’ ಎಂಬ ಮನ್ನಣೆ ಪಡೆದವು. ಅಪಾಯದ ನಕ್ಷೆ, ದಾರಿ ತೋರುವ ಫಲಕಗಳು, ಅಣಕು ಕಾರ್ಯಾಚರಣೆ ಇವು ಅಂಥ ಸಿದ್ಧತೆಯ ಅಂಗಗಳು. ಪ್ರತಿ ಮನೆಯಲ್ಲಿಯೂ ಎರಡು ವಿಷಯ ಮೊದಲೇ ನಿಶ್ಚಯವಾಗಿರಲಿ: ಎಲ್ಲರೂ ಸೇರುವ ಎತ್ತರದ ಸ್ಥಳ ಯಾವುದು, ವೃದ್ಧರು, ಗರ್ಭಿಣಿಯರು, ನಡೆಯಲಾಗದವರ ಕೈ ಹಿಡಿಯುವವರು ಯಾರು. ನೆರೆಮನೆಯ ಅಶಕ್ತರ ಹೊಣೆ ಹೊರುವುದೂ ದಾಸೋಹವೇ.

ಬಾಗಿಲ ಬಳಿ ಒಂದು ಚೀಲ ಸದಾ ಸಿದ್ಧವಿರಲಿ. ಅದರಲ್ಲಿರಬೇಕಾದವು:

• ತಲಾ ಒಬ್ಬರಿಗೆ ದಿನಕ್ಕೆ ಮೂರು-ನಾಲ್ಕು ಲೀಟರಿನಂತೆ ನೀರು. ಹೊರಲು ಆಗುವಷ್ಟು ಚೀಲದಲ್ಲಿ, ಉಳಿದದ್ದು ಸೇರುವ ಸ್ಥಳದಲ್ಲಿ.
• ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಅಪಸ್ಮಾರಗಳ ನಿತ್ಯದ ಮಾತ್ರೆ ಒಂದು ವಾರಕ್ಕೆ, ವೈದ್ಯರ ಚೀಟಿಯ ಪ್ರತಿಯೊಂದಿಗೆ.
• ಓಆರ್‌ಎಸ್ ಪೊಟ್ಟಣ, ಕ್ಲೋರಿನ್ ಮಾತ್ರೆ, ಗಾಯಕ್ಕೆ ಕಟ್ಟುವ ಶುದ್ಧ ಬಟ್ಟೆ.
• ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಬೆಲ್ಲ.
• ಟಾರ್ಚ್, ಸೀಟಿ, ಚಿಕ್ಕ ರೇಡಿಯೊ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಖ್ಯ ಕಾಗದಪತ್ರ.

ನೀರು ಇಳಿದ ಮೇಲೆ

ಉಪ್ಪುನೀರು ನುಗ್ಗಿದ ಬಾವಿಯ ನೀರನ್ನು ಕುಡಿಯಬಾರದು. ಕುದಿಸಿದರೆ ಕ್ರಿಮಿ ಸಾಯುವುದೇ ಹೊರತು ಉಪ್ಪು ಹೋಗುವುದಿಲ್ಲ. ಭೇದಿಯಾದರೆ ತಡಮಾಡದೆ ಓಆರ್‌ಎಸ್ ಕೊಡಬೇಕು. ಅದು ಸಿಗದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬೇಕು. ಚಹಾ ಚಮಚದ ಅಳತೆಯೇ ಇರಲಿ.

ಆಯುರ್ವೇದ ವೈದ್ಯನಾಗಿಯೇ ಇದನ್ನು ಸ್ಪಷ್ಟವಾಗಿ ಹೇಳಬೇಕು: ಕೆಸರುನೀರಿನಲ್ಲಿ ಆದ ಗಾಯಕ್ಕೆ ಅರಿಶಿನ, ಬೂದಿ, ಸೊಪ್ಪಿನ ರಸ ಮೆತ್ತಿ ಕೂರಬಾರದು. ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದನ್ನು ವಿಚಾರಿಸಬೇಕು. ಅಲೆಗೆ ಸಿಕ್ಕು ಬದುಕಿ ಬಂದವರಿಗೆ ಕೆಲದಿನಗಳ ನಂತರ ಕೆಮ್ಮು, ಜ್ವರ, ಉಬ್ಬಸ ಕಂಡರೆ ಶ್ವಾಸಕೋಶಕ್ಕೆ ಕೆಸರುನೀರು ಹೊಕ್ಕ ಶಂಕೆ ಇರುತ್ತದೆ. ಕಷಾಯದ ಮೇಲೆ ಕಾಲ ಕಳೆಯದೆ ಚಿಕಿತ್ಸೆ ಕೊಡಿಸಬೇಕು.

ಮನಸ್ಸಿನ ಗಾಯ ಇನ್ನೂ ನಿಧಾನ. ನಿದ್ರಾನಾಶ, ಅಲೆಯ ಸದ್ದಿಗೆ ಬೆಚ್ಚುವುದು, ಮೌನ ಇವು ಹುಚ್ಚಲ್ಲ. ಜೊತೆಗೆ ಕೂತು ಕೇಳುವವರು ಬೇಕು. ಹಿತಮಿತವಾದ ಬಿಸಿ ಆಹಾರ, ನಿತ್ಯದ ಲಿಂಗಪೂಜೆ, ಕೈಗೆ ಒಂದು ಕಾಯಕ ಇವು ಮನಸ್ಸನ್ನು ಮತ್ತೆ ದಡಕ್ಕೆ ತರುತ್ತವೆ. ವಾರಗಳು ಕಳೆದರೂ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು.

ಮುಂದಿನ ಸಲ ಕಡಲ ತೀರದ ಕ್ಷೇತ್ರಕ್ಕೆ ಹೋದಾಗ ದರ್ಶನಕ್ಕೆ ಮುನ್ನ ಎತ್ತರದ ದಾರಿ ಯಾವುದೆಂದು ಒಮ್ಮೆ ನೋಡಿಕೊಳ್ಳಿರಿ, ಮಕ್ಕಳಿಗೂ ತೋರಿಸಿರಿ.