ಚಳಿಯನ್ನು ತಡೆಯುವುದು ನೀರಲ್ಲ, ಗುಳ್ಳೆ

ತಣ್ಣನೆಯ ಕಡಲಿನಲ್ಲಿ ಸ್ಕೂಬಾ ಡೈವಿಂಗ್ ಮಾಡುವವರು ತೊಡುವ ವೆಟ್‌ಸೂಟ್ ಮೈಯನ್ನು ಹೇಗೆ ಬೆಚ್ಚಗಿಡುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರವೆಂದರೆ, ಉಡುಪಿನೊಳಗೆ ನುಸುಳಿದ ನೀರಿನ ತೆಳುಪದರವು ಮೈಯ ಶಾಖದಿಂದ ಬಿಸಿಯಾಗಿ, ಆ ಬಿಸಿನೀರೇ ಡೈವರನ್ನು ಚಳಿಯಿಂದ ಕಾಪಾಡುತ್ತದೆ ಎಂಬುದು. ಈ ವಿವರಣೆ ಕೇಳಲು ಹಿತವಾಗಿದೆ, ಆದರೆ ತಪ್ಪು. ಇದನ್ನು ನಂಬಿದವರು, ಒಳಗೆ ಒಂದಿಷ್ಟು ನೀರು ಸೇರಿದರೆ ಒಳ್ಳೆಯದೇ ಎಂದುಕೊಂಡು ಸಡಿಲವಾದ ಸೂಟನ್ನು ಆರಿಸಿಕೊಳ್ಳುವ ಅಪಾಯವಿರುವುದರಿಂದ, ಇದನ್ನು ಲೆಕ್ಕಹಾಕಿ ನೋಡುವುದು ಅಗತ್ಯ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಾಂಟೆರೆ ಕೊಲ್ಲಿಯನ್ನೇ ತೆಗೆದುಕೊಳ್ಳಬಹುದು. ಕೆಲ್ಪ್ ಎಂಬ ದೈತ್ಯ ಕಡಲಕಳೆಯ ಕಾಡುಗಳಿಗೆ ಹೆಸರಾದ ಈ ಕೊಲ್ಲಿಯಲ್ಲಿ, ವಸಂತದ ಗಾಳಿಯು ಮೇಲ್ಪದರದ ನೀರನ್ನು ದಡದಿಂದಾಚೆಗೆ ತಳ್ಳಿದಾಗ ಆಳದ ತಣ್ಣೀರು ಮೇಲೇರಿ ಬರುವುದರಿಂದ, ಉಷ್ಣತೆ ಬಹುಪಾಲು 10ರಿಂದ 15 ಡಿಗ್ರಿ ಸೆಲ್ಸಿಯಸ್‌ನ ನಡುವೆ ಇರುತ್ತದೆ. ವಯಸ್ಕನೊಬ್ಬನ ಮೈಯ ಹೊರಮೈ ಸುಮಾರು 2 ಚದರ ಮೀಟರ್ ಎಂದುಕೊಂಡರೆ, ಅದರ ಸುತ್ತ 1 ಮಿಲಿಮೀಟರ್ ದಪ್ಪದ ನೀರು ನಿಂತಾಗ ಅದು 2 ಲೀಟರ್ ಆಗುತ್ತದೆ; ಆ ನೀರನ್ನು 12 ಡಿಗ್ರಿಯಿಂದ 30 ಡಿಗ್ರಿಗೆ ಏರಿಸಲು ಬೇಕಾಗುವ 36 ಕಿಲೋಕ್ಯಾಲರಿ ಶಾಖವು, ವಿಶ್ರಾಂತಿಯಲ್ಲಿರುವ ದೇಹ ಸುಮಾರು 25 ನಿಮಿಷಗಳಲ್ಲಿ ಉತ್ಪಾದಿಸುವಷ್ಟು. ಅಷ್ಟೆಲ್ಲ ವೆಚ್ಚಮಾಡಿ ಕಾಯಿಸಿದ ಪದರ ಕೈಬೀಸಿದೊಡನೆ ಕುತ್ತಿಗೆಯ ಸಂದಿನಿಂದ ಹೊರಹೋಗಿ ಹೊಸ ತಣ್ಣೀರು ಒಳಬಂದರೆ, ದೇಹ ಅದೇ ಕೆಲಸವನ್ನು ಮೊದಲಿನಿಂದ ಆರಂಭಿಸಬೇಕು. ಒಳಗಿನ ನೀರು ಕಾವಲುಗಾರನಲ್ಲ, ಸಾಲಗಾರ.

ನಿಜವಾದ ಕಾವಲು ಇರುವುದು ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ನೊರೆಯಲ್ಲಿ, ಅಂದರೆ ರಬ್ಬರಿನೊಳಗೆ ಒಂದಕ್ಕೊಂದು ಸೇರದಂತೆ ಬಂದಿಯಾಗಿರುವ ಅಸಂಖ್ಯಾತ ಅನಿಲಗುಳ್ಳೆಗಳಲ್ಲಿ. ಈ ನೊರೆಯ ಉಷ್ಣವಾಹಕತೆ, ಎಂದರೆ ಶಾಖವನ್ನು ತನ್ನ ಮೂಲಕ ಸಾಗಿಸುವ ಗುಣ, ನೀರಿನದಕ್ಕಿಂತ ಸುಮಾರು ಹತ್ತು ಪಟ್ಟು ಕಡಿಮೆಯಾದ್ದರಿಂದ 7 ಮಿಲಿಮೀಟರ್ ನೊರೆಯು ಸುಮಾರು 70 ಮಿಲಿಮೀಟರ್ ನಿಶ್ಚಲ ನೀರಿಗೆ ಸಮ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1951ರಲ್ಲಿ ಕಂಡುಕೊಂಡ ಸತ್ಯವೇ ಇದು: ಶಾಖವನ್ನು ತಡೆಯುವ ಗಾಳಿ ಬಟ್ಟೆಯೊಳಗೇ ಬಂದಿಯಾಗಿದ್ದರೆ ಡೈವರನ ಮೈ ಒದ್ದೆಯಾದರೂ ಚಿಂತೆಯಿಲ್ಲ. ವೆಟ್‌ಸೂಟ್ ಹುಟ್ಟಿದ್ದು ಈ ಒಳನೋಟದಿಂದ. ಮಾಂಟೆರೆಯ ಕಡಲ ನೀರುನಾಯಿಗೆ ತಿಮಿಂಗಿಲಕ್ಕಿರುವಂಥ ಕೊಬ್ಬಿನ ಕವಚವಿಲ್ಲದಿದ್ದರೂ, ಅತ್ಯಂತ ಒತ್ತಾದ ತುಪ್ಪಳದಲ್ಲಿ ಸಿಕ್ಕಿಸಿಕೊಂಡ ಗಾಳಿಯ ನೆರವಿನಿಂದ ಅದು ಬಹುತೇಕ ಇಡೀ ಆಯುಷ್ಯವನ್ನು ಅದೇ ತಣ್ಣೀರಿನಲ್ಲಿ ಕಳೆಯುತ್ತದೆ.

ಗುಳ್ಳೆಯ ಮಹಿಮೆಗೆ 2018ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ ಎಂಐಟಿಯ ಸಂಶೋಧಕರು ಒದಗಿಸಿದ ಸಾಕ್ಷ್ಯ ಬಹಳ ಸೊಗಸಾದುದು. ಅವರು ಸಾಮಾನ್ಯ ನಿಯೋಪ್ರೀನನ್ನು ಒತ್ತಡದ ತೊಟ್ಟಿಯೊಳಗಿಟ್ಟು, ಸುಮಾರು ಒಂದು ದಿನದ ಅವಧಿಯಲ್ಲಿ ಅದರ ಗುಳ್ಳೆಗಳೊಳಗಿನ ಗಾಳಿಯ ಸ್ಥಾನಕ್ಕೆ ಕ್ಸೆನಾನ್ ಅಥವಾ ಕ್ರಿಪ್ಟಾನ್ ಎಂಬ ಭಾರವಾದ ಜಡಾನಿಲ, ಅಂದರೆ ಬೇರೆ ಧಾತುಗಳೊಡನೆ ಸುಲಭವಾಗಿ ರಾಸಾಯನಿಕವಾಗಿ ಸೇರದ ಅನಿಲ, ಸೇರುವಂತೆ ಮಾಡಿದರು. ಭಾರವಾದ ಪರಮಾಣುಗಳು ನಿಧಾನವಾಗಿ ಚಲಿಸುವುದರಿಂದ ಶಾಖವನ್ನೂ ನಿಧಾನವಾಗಿ ಸಾಗಿಸುತ್ತವೆ. ಕ್ಸೆನಾನ್‌ನ ಉಷ್ಣವಾಹಕತೆ ಗಾಳಿಯದರ ಐದನೆಯ ಒಂದು ಭಾಗದಷ್ಟು ಮಾತ್ರ. 10 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಮನುಷ್ಯ ಬದುಕುಳಿಯಬಲ್ಲ ಅವಧಿಯನ್ನು ಇಂಥ ಸೂಟ್ ಮೂರು ಪಟ್ಟು ಹೆಚ್ಚಿಸಬಹುದೆಂಬುದು ಅವರ ಅಂದಾಜು. ರಬ್ಬರು ಅದೇ, ದಪ್ಪ ಅದೇ, ಬದಲಾದದ್ದು ಗುಳ್ಳೆಯೊಳಗಿನ ಅನಿಲ ಮಾತ್ರ.

ಸೆಮಿ-ಡ್ರೈ ಸೂಟ್ ಎಂಬ ಉಡುಪನ್ನು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಇದು ಮೈಯನ್ನು ಪೂರ್ತಿ ಒಣಗಿಡುವ ಡ್ರೈಸೂಟ್ ಅಲ್ಲ. ಮಣಿಕಟ್ಟು, ಕಾಲಗಂಟು ಮತ್ತು ಕುತ್ತಿಗೆಗಳಲ್ಲಿ ಚರ್ಮಕ್ಕೆ ಅಂಟಿಕೊಳ್ಳುವ ನುಣುಪು ಪಟ್ಟಿಗಳನ್ನೂ ನೀರನ್ನು ಹೆಚ್ಚು ಬಿಡದ ಬಿಗಿಯಾದ ಜಿಪ್ಪನ್ನೂ ಹೊಂದಿ, ಒಳಹೊಕ್ಕ ಅಲ್ಪ ನೀರು ಹೊರಹೋಗದಂತೆ ತಡೆಯುವ ವೆಟ್‌ಸೂಟ್. ಆದ್ದರಿಂದ ಕೊಳ್ಳುವಾಗ ದಪ್ಪದ ಮಿಲಿಮೀಟರ್‌ಗಿಂತ ಮೈಗೊಪ್ಪುವ ಅಳತೆಗೆ ಹೆಚ್ಚು ಬೆಲೆ ಕೊಡಬೇಕು. ತೊಟ್ಟು ಕೈಗಳನ್ನು ಮೇಲೆತ್ತಿ, ಬಾಗಿ, ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದಾಗ ಸೊಂಟದ ಹಿಂಬದಿಯಲ್ಲೋ ಕಂಕುಳಲ್ಲೋ ಪೊಳ್ಳು ಉಳಿದರೆ, ಪ್ರತಿ ಚಲನೆಗೂ ಅಲ್ಲಿ ನೀರು ಪಂಪಿನಂತೆ ಒಳಹೊರಗೆ ಆಡುತ್ತದೆ. ಅಂಥ 7 ಮಿಲಿಮೀಟರ್ ಸೂಟಿಗಿಂತ ಮೈಗೊಪ್ಪುವ 5 ಮಿಲಿಮೀಟರ್ ಸೂಟೇ ಬೆಚ್ಚಗಿರಬಹುದು. ತಲೆಮುಸುಕು ಸೂಟಿಗೇ ಹೊಂದಿಕೊಂಡಿದ್ದರೆ ಕುತ್ತಿಗೆಯ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಹಳೆಯ ಸೂಟನ್ನು ಕೊಳ್ಳುವವರು ಅದರ ಮೇಲೆ ಬರೆದ ದಪ್ಪವನ್ನು ನಂಬದೆ ಬೆರಳಿನಿಂದ ಒತ್ತಿ ನೋಡಬೇಕು, ಏಕೆಂದರೆ ಬಹುಕಾಲದ ಬಳಕೆಯಿಂದ ಗುಳ್ಳೆಗಳು ಕುಗ್ಗಿ ನೊರೆ ಶಾಶ್ವತವಾಗಿ ತೆಳುವಾಗಿರುತ್ತದೆ.

ಒಳ್ಳೆಯ ಸೂಟಿಗೂ ಒಂದು ಮಿತಿಯಿದೆ. 30 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯದರ ನಾಲ್ಕು ಪಟ್ಟಾಗುವುದರಿಂದ ಗುಳ್ಳೆಗಳು ಹಿಸುಕಿಹೋಗಿ, ಸೂಟಿನ ದಪ್ಪದೊಡನೆ ಅದರ ಬೆಚ್ಚಗಿಡುವ ಶಕ್ತಿಯೂ ತೇಲಿಸುವ ಶಕ್ತಿಯೂ ಕುಗ್ಗುತ್ತವೆ. ಚಳಿ ಅತಿ ಹೆಚ್ಚಿರುವಲ್ಲೇ ರಕ್ಷಣೆ ಅತಿ ಕಡಿಮೆ. ಇಳಿಯುವ ಮೊದಲು ಒಂದು ಗುಟುಕು ಬ್ರಾಂದಿ ಕುಡಿದರೆ ಮೈ ಕಾಯುತ್ತದೆಂಬ ನಂಬಿಕೆಯಂತೂ ಶುದ್ಧ ಮೌಢ್ಯ: ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ಸುರಿಯುತ್ತದೆ, ಬುದ್ಧಿಯನ್ನೂ ಮಂಕಾಗಿಸುತ್ತದೆ.

ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಬೆಚ್ಚನೆಯ ನೀರಿನಲ್ಲಿ 3 ಮಿಲಿಮೀಟರ್ ಸೂಟ್ ತೊಟ್ಟು ಡೈವಿಂಗ್ ಕಲಿತು, ಮುಂದೆ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರು ಮಾಂಟೆರೆಯಲ್ಲಿ ಅದೇ ಸೂಟಿನೊಡನೆ ಇಳಿಯಬಾರದು. ಅಲ್ಲಿಗೆ ಮೈಗೊಪ್ಪುವ 7 ಮಿಲಿಮೀಟರ್ ಸೆಮಿ-ಡ್ರೈ ಸೂಟ್, ಮುಸುಕು, ಕೈಗವಸು ಮತ್ತು ಬೂಟುಗಳು ಬೇಕು. ನೀರು 10 ಡಿಗ್ರಿಗಿಂತ ಕೆಳಗಿಳಿದಲ್ಲಿ, ಅಥವಾ ದಿನಕ್ಕೆ ಹಲವು ಬಾರಿ ಆಳಕ್ಕೆ ಇಳಿಯಬೇಕಾದಲ್ಲಿ, ಪ್ರತ್ಯೇಕ ತರಬೇತಿ ಪಡೆದು ಡ್ರೈಸೂಟ್ ತೊಡುವುದೇ ಸರಿಯಾದ ಮಾರ್ಗ.